ನೆಕ್ಕರ್ ನದಿಯಲ್ಲಿ ಕನ್ನಡದ ಜಾಡು

ಜರ್ಮನಿಗೆ ಬರುವ ನಮ್ಮ ಜನರಿಗೆ ನದಿವಿಹಾರವೆಂದರೆ ರೈನ್ ವಿಹಾರವೆಂದೇ ಅರ್ಥ. ಫ್ರಾಂಕ್‌ಫರ್ಟಿನಲ್ಲಿ ವಿಮಾನದಿಂದ ಇಳಿದವರನ್ನು ಬಂಧುಗಳು ಮೊದಲ ಶನಿವಾರವೇ ರ್ಯೂಡೆಸ್‌ಹೈಮ್‌ಗೆ ಕರೆದೊಯ್ದು ಹಡಗು ಹತ್ತಿಸುತ್ತಾರೆ. ಬಿಂಗೆನ್‌ನಿಂದ ಕೊಬ್ಲೆನ್ಸ್‌ವರೆಗಿನ ಸುಮಾರು 65 ಕಿಲೋಮೀಟರ್ ಉದ್ದದ ಆ ಕಣಿವೆಯನ್ನು ಯುನೆಸ್ಕೊ ಸಂಸ್ಥೆ 2002ರಲ್ಲಿ ವಿಶ್ವಪರಂಪರೆಯ ತಾಣವೆಂದು ಸಾರಿತು. ಬೆಟ್ಟಕ್ಕೊಂದು ಕೋಟೆ, ತಿರುವಿಗೊಂದು ಊರು, ನಡುವೆ ಲೊರೆಲೈ ಬಂಡೆ. ನೋಡತಕ್ಕದ್ದೇ, ಸಂದೇಹವಿಲ್ಲ. ಆದರೆ ಅದನ್ನು ಕುರಿತು ಬರೆಯಲು ಕನ್ನಡಿಗನೇ ಆಗಬೇಕೆಂದೇನೂ ಇಲ್ಲ; ಎಲ್ಲ ಭಾಷೆಗಳಲ್ಲಿಯೂ ಅದರ ವರ್ಣನೆ ಬೇಕಾದಷ್ಟಿದೆ. ಆದಕಾರಣ ಈ ಸಲದ ಅಂಕಣದಲ್ಲಿ ಅದೇ ರೈನಿಗೆ ಬಂದು ಸೇರುವ ಮತ್ತೊಂದು ನದಿಯ ವಿಚಾರವನ್ನು ಓದುಗರ ಮುಂದಿಡಲು ಬಯಸುತ್ತೇನೆ. ಅದರ ಹೆಸರು ನೆಕ್ಕರ್.

ಜರ್ಮನಿಯ ನೈಋತ್ಯ ಮೂಲೆಯಲ್ಲಿ, ಕಪ್ಪುಕಾಡಿನ ಪೂರ್ವದ ಅಂಚಿನಲ್ಲಿರುವ ಶ್ವೆನ್ನಿಂಗೆನ್ ಎಂಬ ಊರಿನ ಜೌಗುನೆಲದಲ್ಲಿ ಹುಟ್ಟಿ, ಸುಮಾರು 360 ಕಿಲೋಮೀಟರ್ ಹರಿದು, ಮನ್‌ಹೈಮ್‌ನಲ್ಲಿ ರೈನ್ ನದಿಯನ್ನು ಕೂಡಿಕೊಳ್ಳುವ ಹೊಳೆಯಿದು. ನಮ್ಮ ಕಾವೇರಿಯ ಅರ್ಧದಷ್ಟೂ ಉದ್ದವಿಲ್ಲ. ಆದರೆ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದವರು ಈ ನದಿಯ ನೀರು ಕುಡಿದು ಬೆಳೆದವರು. ಕನ್ನಡಕ್ಕೆ ಮಹಾಕೋಶವನ್ನು ಕೊಟ್ಟವರು ಈ ನದಿಯ ದಂಡೆಯ ಊರಿನಲ್ಲಿ ಕೊನೆಯುಸಿರೆಳೆದವರು. ಪ್ರತಿ ಸಮ್ಮೇಳನದ ವೇದಿಕೆಯಿಂದಲೂ ಕಿಟ್ಟೆಲರ ಹೆಸರು ಒಮ್ಮೆಯಾದರೂ ಕೇಳಿಬರುತ್ತದೆ. ‘ಪರದೇಶದವರಾದ ಅವರೇ ಕನ್ನಡ ಕಲಿತರು, ನಾವು ಮರೆಯುತ್ತಿದ್ದೇವೆ’ ಎಂಬ ಮಾತು, ಚಪ್ಪಾಳೆ, ಮುಂದಿನ ಕಾರ್ಯಕ್ರಮ. ಆ ಹೆಸರಿನ ಹಿಂದೆ ಒಂದು ಊರಿದೆ, ಊರಿನ ಮಗ್ಗುಲಲ್ಲಿ ಹೊಳೆಯಿದೆ, ಹೊಳೆಯಲ್ಲಿ ದೋಣಿಯಿದೆ, ರಜೆಯ ದಿನಗಳಲ್ಲಿ ನಾವೂ ನಮ್ಮ ಮಕ್ಕಳೂ ಅದನ್ನು ಹತ್ತಿ ಹೋಗಬಹುದು ಎಂಬ ಸಂಗತಿ ಮಾತ್ರ ಭಾಷಣದಲ್ಲಿ ಬರುವುದಿಲ್ಲ.

ಹೊರಡುವ ಮೊದಲು ಒಂದು ವ್ಯಾವಹಾರಿಕ ವಿಷಯ. ದಿನದ ವಿಹಾರದ ದೋಣಿಗಳಲ್ಲಿ ಯಾವುದೂ ನಿಮ್ಮನ್ನು ನೆಕ್ಕರಿನ ತುದಿಯಿಂದ ಬುಡದವರೆಗೆ ಕರೆದೊಯ್ಯುವುದಿಲ್ಲ. ವಸಂತದಿಂದ ಶರತ್ಕಾಲದವರೆಗೆ, ಊರಿನಿಂದ ಊರಿಗೆ, ತುಂಡು ತುಂಡಾಗಿ ಅವು ಓಡಾಡುತ್ತವೆ. ನಡುವಿನ ಅಂತರವನ್ನು ರೈಲಿನಲ್ಲಿಯೋ ಸೈಕಲ್ಲಿನಲ್ಲಿಯೋ ತುಂಬಿಕೊಳ್ಳಬೇಕು. ರೈಲುಮಾರ್ಗವೂ ಸೈಕಲ್ ಹಾದಿಯೂ ಬಹುದೂರದವರೆಗೆ ನದಿಯ ಜೊತೆಯಲ್ಲಿಯೇ ಸಾಗುವುದರಿಂದ ಇದು ಕಷ್ಟವೇನಲ್ಲ. ಒಂದು ಬೇಸಗೆಯ ನಾಲ್ಕೈದು ವಾರಾಂತ್ಯಗಳಲ್ಲಿ ಇಡೀ ನದಿಯನ್ನು ನಿಧಾನವಾಗಿ ಮುಗಿಸಬಹುದು. ನಮ್ಮ ಕುಟುಂಬವೂ ನೆರೆಮನೆಯ ಕನ್ನಡದ ಕುಟುಂಬವೂ ಸೇರಿ ಹಾಗೆಯೇ ಮಾಡಿದೆವು. ಬುತ್ತಿಗೆ ಪುಳಿಯೋಗರೆ; ಸಂಜೆಗೆ ದಂಡೆಯ ಊರಿನಲ್ಲಿ ಸಿಕ್ಕ ಬ್ರೆಡ್ಡು, ಚೀಸು.

ಮೊದಲ ಊರು ಟ್ಯೂಬಿಂಗೆನ್. ಇಲ್ಲಿ ನೆಕ್ಕರ್ ಇನ್ನೂ ಬಾಲೆ, ಹಡಗು ಬರುವಷ್ಟು ಆಳವಿಲ್ಲ. ಹೀಗಾಗಿ ಇಲ್ಲಿಯ ವಾಹನ ‘ಸ್ಟೊಖರ್‌ಕಾನ್’ ಎಂಬ ಚಪ್ಪಟೆ ತಳದ, ನೀಳವಾದ ಮರದ ದೋಣಿ. ಹುಟ್ಟಿಲ್ಲ, ಯಂತ್ರವಿಲ್ಲ. ಹಿಂಬದಿಯಲ್ಲಿ ನಿಂತವನು ಆರೇಳು ಮೀಟರ್ ಉದ್ದದ ಕೋಲನ್ನು ನೀರಿನ ತಳಕ್ಕೆ ಊರಿ ನೂಕುತ್ತಾನೆ. ಹಂಪೆಯಲ್ಲಿಯೋ ತಲಕಾಡಿನಲ್ಲಿಯೋ ಹರಿಗೋಲು ಹತ್ತಿದವರಿಗೆ ಇದು ತಟ್ಟನೆ ಆಪ್ತವೆನಿಸುತ್ತದೆ. ಹರಿಗೋಲು ಎಂಬ ನಮ್ಮ ಮಾತಿನಲ್ಲಿಯೇ ಕೋಲು ಅಡಗಿದೆಯಲ್ಲವೆ? ವರ್ಷಕ್ಕೊಮ್ಮೆ ಕಾರ್ಪಸ್ ಕ್ರಿಸ್ಟಿ ಹಬ್ಬದ ದಿನ ವಿದ್ಯಾರ್ಥಿಗಳು ಈ ದೋಣಿಗಳ ಪಂದ್ಯ ನಡೆಸುತ್ತಾರೆ. ಕೊನೆಯಲ್ಲಿ ಬಂದ ತಂಡದವರು ತಲಾ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು. ನಾಗರಿಕತೆಯ ತವರು ಎನಿಸಿದ ವಿಶ್ವವಿದ್ಯಾಲಯಗಳಲ್ಲಿಯೂ ಇಂಥದ್ದೊಂದು ಪುಂಡಾಟಿಕೆ ಉಳಿದಿರುವುದು ಸಮಾಧಾನದ ವಿಷಯ.

ದೋಣಿ ಸಾಗುವಾಗ ಎಡದಂಡೆಯಲ್ಲಿ, ನೀರಿಗೆ ತಾಗಿದಂತೆ ಹಳದಿ ಬಣ್ಣದ ದುಂಡನೆಯ ಗೋಪುರವೊಂದು ಕಾಣುತ್ತದೆ. ಕವಿ ಹ್ಯೋಲ್ಡರ್ಲಿನ್ ಬುದ್ಧಿಭ್ರಮಣೆಗೊಳಗಾಗಿ, ಬಡಗಿಯೊಬ್ಬನ ಕುಟುಂಬದ ಆರೈಕೆಯಲ್ಲಿ, 1807ರಿಂದ 1843ರವರೆಗೆ ಮೂವತ್ತಾರು ವರ್ಷ ಬದುಕಿದ ಸ್ಥಳವಿದು. ಹಳೆಯ ಗೋಪುರ 1875ರ ಬೆಂಕಿಯಲ್ಲಿ ಸುಟ್ಟುಹೋಯಿತು; ಈಗಿನದು ಆಮೇಲೆ ಕಟ್ಟಿದ್ದು. ಕವಿ ಕಿಟಕಿಯಿಂದ ನದಿಯನ್ನು ನೋಡುತ್ತ ಕುಳಿತಿರುತ್ತಿದ್ದ ಅದೇ ದಿನಗಳಲ್ಲಿ, ಇದೇ ಊರಿನಲ್ಲಿ ಹರ್ಮನ್ ಮೊಗ್ಲಿಂಗ್ ಎಂಬ ತರುಣ ದೇವತಾಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದ. ಹ್ಯೋಲ್ಡರ್ಲಿನ್ ತೀರಿಕೊಂಡದ್ದು 1843ರ ಜೂನ್ 7ರಂದು. ಅದಾದ ಇಪ್ಪತ್ತನಾಲ್ಕು ದಿನಗಳಿಗೆ, ಜುಲೈ 1ರಂದು, ಆ ಹಳೆಯ ವಿದ್ಯಾರ್ಥಿ ದೂರದ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆಯನ್ನು ಹೊರತಂದ. ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂದು ಬಲ್ಲೆ. ಆದರೂ ಗೋಪುರದ ನೆರಳಿನಲ್ಲಿ ದೋಣಿ ಹಾಯುವಾಗ ಆ ಎರಡು ತಾರೀಖುಗಳು ಮನಸ್ಸಿನಲ್ಲಿ ಒಂದರ ಪಕ್ಕದಲ್ಲೊಂದು ಬಂದು ನಿಂತವು.

ಕಿಟ್ಟೆಲರ ಸಂಗತಿಯೂ ಇಲ್ಲಿಯೇ ಬರಬೇಕು. ಅವರು ಈ ನದಿಯ ಕಡೆಯವರಲ್ಲ. ಜರ್ಮನಿಯ ಇನ್ನೊಂದು ತುದಿಯಲ್ಲಿ, ಉತ್ತರ ಸಮುದ್ರಕ್ಕೆ ಸಮೀಪದ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ 1832ರಲ್ಲಿ ಹುಟ್ಟಿದವರು. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಕನ್ನಡನಾಡಿಗೆ ಬಂದು, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಅಚ್ಚು ಹಾಕಿಸಿ, ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಕಟ್ಟಿದರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಪ್ರಕಟವಾಗುವ ವೇಳೆಗೆ ಅವರು ಭಾರತವನ್ನು ಬಿಟ್ಟಾಗಿತ್ತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರ ಕನ್ನಡ ವ್ಯಾಕರಣ 1903ರಲ್ಲಿ ಹೊರಬಂತು. ಅದೇ ವರ್ಷದ ಡಿಸೆಂಬರ್ 18ರಂದು ಈ ಊರಿನಲ್ಲಿ ಅವರು ನಿಧನರಾದರು. ಅಂದರೆ ‘ಮಳೆ’, ‘ಹೊಳೆ’, ‘ತಾಳೆ’ ಎಂಬ ಶಬ್ದಗಳ ವ್ಯುತ್ಪತ್ತಿಯನ್ನು ಚಿಂತಿಸುತ್ತಿದ್ದ ವೃದ್ಧರೊಬ್ಬರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಈ ನೆಕ್ಕರ್ ತೀರದಲ್ಲಿ. ಆ ಕಾಲದಲ್ಲಿ ಇಲ್ಲಿ ಅವರೊಡನೆ ಕನ್ನಡದಲ್ಲಿ ಎರಡು ಮಾತಾಡಬಲ್ಲವರು ಎಷ್ಟು ಮಂದಿ ಇದ್ದಿರಬಹುದು? ಇಂದು ಟ್ಯೂಬಿಂಗೆನ್ನಿನ ಸೇತುವೆಯ ಮೇಲೆ ಹತ್ತು ನಿಮಿಷ ನಿಂತರೆ ಬೆಂಗಳೂರಿನಿಂದ ಓದಲು ಬಂದ ಹುಡುಗರ ಮಾತು ಕಿವಿಗೆ ಬೀಳುತ್ತದೆ.

ಟ್ಯೂಬಿಂಗೆನ್‌ನಿಂದ ಕೆಳಗೆ ಪ್ಲೊಖಿಂಗೆನ್ ಎಂಬಲ್ಲಿ ನದಿ ಥಟ್ಟನೆ ಬಲಕ್ಕೆ, ಅಲ್ಲಲ್ಲ, ವಾಯವ್ಯಕ್ಕೆ ತಿರುಗುತ್ತದೆ. ದಂಡೆ ಬದಲಿಸಿದಂತೆಲ್ಲ ಎಡಬಲಗಳು ಅದಲುಬದಲಾಗುವುದರಿಂದ ನದಿಪ್ರಯಾಣದಲ್ಲಿ ದಿಕ್ಕಿನ ಹೆಸರೇ ಕ್ಷೇಮ. ಪ್ಲೊಖಿಂಗೆನ್ ಒಂದು ಬಂದರು. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಬೆಟ್ಟಸೀಮೆಯಲ್ಲಿ ಬಂದರು ಹೇಗೆ ಎಂದು ನಮ್ಮ ಜೊತೆಯ ಮಕ್ಕಳು ಕೇಳಿದರು. ಉತ್ತರ ನೀರಿನ ಮೇಲೆಯೇ ಇದೆ. ಇಲ್ಲಿಂದ ಮನ್‌ಹೈಮ್‌ವರೆಗಿನ ಸುಮಾರು 203 ಕಿಲೋಮೀಟರಿನಲ್ಲಿ ನದಿ 160 ಮೀಟರ್‌ಗಳಷ್ಟು ಇಳಿಯುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಹಡಗು ಸಾಗದು. ಆದ್ದರಿಂದ ಜರ್ಮನರು ಅಡ್ಡಲಾಗಿ 27 ಕಡೆ ಕಟ್ಟೆ ಹಾಕಿ, ಹೊಳೆಯನ್ನು ಇಪ್ಪತ್ತೇಳು ಮೆಟ್ಟಿಲುಗಳಾಗಿ ಮಾಡಿದ್ದಾರೆ. ಪ್ರತಿ ಮೆಟ್ಟಿಲಿನಲ್ಲಿಯೂ ‘ಶ್ಲೊಯ್ಸೆ’, ಇಂಗ್ಲಿಷಿನವರು ಲಾಕ್ ಎನ್ನುವ ಕಟ್ಟಡ. ಎರಡೂ ತುದಿಗೆ ಕದವಿರುವ ಕಾಂಕ್ರೀಟಿನ ಉದ್ದನೆಯ ತೊಟ್ಟಿಯದು. ಕೆಳಗಿಳಿಯುವ ಹಡಗು ಒಳಹೊಕ್ಕ ಮೇಲೆ ಹಿಂದಿನ ಕದ ಮುಚ್ಚುತ್ತದೆ, ನೀರು ಮೆಲ್ಲಗೆ ಹೊರಕ್ಕೆ ಹೋಗುತ್ತದೆ, ಹಡಗು ಗೋಡೆಗುಂಟ ಇಳಿಯುತ್ತದೆ. ಕೆಳಗಿನ ಮಟ್ಟ ಮುಟ್ಟಿದಾಗ ಮುಂದಿನ ಕದ ತೆರೆಯುತ್ತದೆ. ಪಂಪು ಬೇಡ, ಎಂಜಿನ್ನು ಬೇಡ. ಮೇಲಿನ ನೀರು ತಾನಾಗಿ ಕೆಳಗೆ ಬರುತ್ತದೆಂಬ ತತ್ತ್ವವೊಂದೇ ಸಾಕು. ಈ ಕಾಮಗಾರಿ 1935ರಲ್ಲಿ ಹೈಲ್‌ಬ್ರೋನ್‌ವರೆಗೆ, 1958ರಲ್ಲಿ ಸ್ಟುಟ್‌ಗಾರ್ಟ್‌ವರೆಗೆ, 1968ರಲ್ಲಿ ಪ್ಲೊಖಿಂಗೆನ್‌ವರೆಗೆ ಮುಟ್ಟಿತು.

ಇದಕ್ಕೂ ಹಿಂದಿನ ಉಪಾಯ ಇನ್ನೂ ರಂಜಕವಾದದ್ದು. 1878ರಲ್ಲಿ ಮನ್‌ಹೈಮ್‌ನಿಂದ ಹೈಲ್‌ಬ್ರೋನ್‌ವರೆಗೆ ನದಿಯ ತಳದಲ್ಲಿ ಉದ್ದಕ್ಕೂ ಕಬ್ಬಿಣದ ಸರಪಳಿಯನ್ನು ಮಲಗಿಸಿದರು. ಉಗಿಯಂತ್ರದ ದೋಣಿ ಆ ಸರಪಳಿಯನ್ನು ಮುಂದಿನಿಂದ ಎತ್ತಿಕೊಳ್ಳುತ್ತ, ಹಿಂದಕ್ಕೆ ಬಿಡುತ್ತ, ತನ್ನನ್ನು ತಾನೇ ಎಳೆದುಕೊಂಡು, ಬೆನ್ನಿಗೆ ಸರಕಿನ ದೋಣಿಗಳ ಸಾಲನ್ನು ಕಟ್ಟಿಕೊಂಡು ಪ್ರವಾಹಕ್ಕೆದುರಾಗಿ ಹೋಗುತ್ತಿತ್ತು. ಜನ ಅದನ್ನು ‘ನೆಕ್ಕರಿನ ಕತ್ತೆ’ ಎಂದು ಕರೆದರು. 1935ರಲ್ಲಿ ಕತ್ತೆ ನಿವೃತ್ತವಾಯಿತು.

ನಮ್ಮ ಕಡೆ ನದಿಯೆಂದರೆ ಸ್ನಾನ, ಅರ್ಘ್ಯ, ನಾಲೆ, ಗದ್ದೆ. ದೋಣಿ ಇರುವುದು ಹೊಳೆಯನ್ನು ದಾಟುವುದಕ್ಕೆ, ಉದ್ದಕ್ಕೆ ಸಾಗುವುದಕ್ಕಲ್ಲ. ಶರಾವತಿಯಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಗಳು ಹೋಗಿಬರುತ್ತಿದ್ದವು, ಮಂಗಳೂರಿನ ಹೆಂಚಿನ ಕಾರ್ಖಾನೆಗಳಿಗೆ ಮಣ್ಣು ಹೊಳೆಯ ಮೇಲೆಯೇ ಬರುತ್ತಿತ್ತು. ಅವೆಲ್ಲ ಕಡಲಿಗೆ ಸಮೀಪದ ಮಾತು. ಘಟ್ಟದ ಮೇಲಿನ ನದಿಗಳು ಮಳೆಗಾಲದಲ್ಲಿ ಉಗ್ರ, ಬೇಸಗೆಯಲ್ಲಿ ಬಂಡೆಗಳ ನಡುವಿನ ಮಡು. ನೆಕ್ಕರ್ ನದಿಗೆ ಯಾರೂ ಆರತಿ ಎತ್ತುವುದಿಲ್ಲ. ಅದು ಹಗಲೂ ರಾತ್ರಿ ಉಪ್ಪು, ಕಬ್ಬಿಣ, ಧಾನ್ಯಗಳನ್ನು ಹೊರುವ ಕೂಲಿ. ಕೂಲಿ ಮಾಡಿಸುವ ಭರದಲ್ಲಿ ಅದನ್ನು ಹಲವೆಡೆ ನೇರಗೊಳಿಸಿ, ಬದಿಗೆ ಕಲ್ಲು ಕಟ್ಟಿ, ಕಾರ್ಖಾನೆಯ ಕೊಳೆಯನ್ನು ಬಿಟ್ಟು ಒಂದು ಕಾಲಕ್ಕೆ ಕೆಡಿಸಿದ್ದರು. ಆಮೇಲೆ ಎಚ್ಚತ್ತು, ಕೊಳಚೆ ನೀರನ್ನು ಶುದ್ಧಿಗೊಳಿಸಿ ಬಿಡುವ ವ್ಯವಸ್ಥೆ ಮಾಡಿದರು. ತಾಯಿಯೆಂದು ಕೈಮುಗಿದೂ ವೃಷಭಾವತಿಯನ್ನು ಚರಂಡಿಯಾಗಿಸಿದ ನಾವು ಈ ವಿಷಯದಲ್ಲಿ ಯಾರಿಗೂ ಪಾಠ ಹೇಳುವ ಸ್ಥಿತಿಯಲ್ಲಿಲ್ಲ.

ಪ್ಲೊಖಿಂಗೆನ್‌ನಿಂದ ಸ್ವಲ್ಪ ದೂರದಲ್ಲಿಯೇ ಎಸ್ಲಿಂಗೆನ್. ಮರದ ತೊಲೆಗಳನ್ನು ಗೋಡೆಯ ಮೇಲೆಯೇ ತೋರಿಸುವ ಹಳೆಯ ಮನೆಗಳ ಸಾಲು, ಹಿಂಬದಿಯ ಗುಡ್ಡದ ತುಂಬ ದ್ರಾಕ್ಷಿ, ನಡುವೆ ನೆಕ್ಕರಿನಿಂದ ಕವಲೊಡೆದ ಕಾಲುವೆಗಳು, ಅವುಗಳ ಮೇಲೆ ನಡುಗಾಲದ ಕಲ್ಲುಸೇತುವೆ. ಹರ್ಮನ್ ಮೊಗ್ಲಿಂಗ್ 1881ರ ಮೇ 10ರಂದು ತೀರಿಕೊಂಡದ್ದು ಈ ಊರಿನಲ್ಲಿ. 1836ರಲ್ಲಿ ಇಪ್ಪತ್ತೈದರ ಪ್ರಾಯದಲ್ಲಿ ಮಂಗಳೂರಿಗೆ ಬಂದು, 1860ರಲ್ಲಿ ಹಿಂದಿರುಗಿದ ಮನುಷ್ಯ. ಪತ್ರಿಕೆಯನ್ನು ಮಂಗಳೂರಿನಲ್ಲಿ ಆರಂಭಿಸಿದ ಮರುವರ್ಷ ಅದನ್ನು ಬಳ್ಳಾರಿಗೆ ಸಾಗಿಸಿ ‘ಕನ್ನಡ ಸಮಾಚಾರ’ವೆಂದು ಹೆಸರಿಟ್ಟರು. ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ತಾಳೆಗರಿಯಿಂದ ಎತ್ತಿ ಕಲ್ಲಚ್ಚಿಗೆ ತಂದರು. ಕೊಡಗಿನಲ್ಲಿ ಕೆಲವು ವರ್ಷ ಕಳೆದು ಆ ನಾಡನ್ನು ಕುರಿತು ಪುಸ್ತಕ ಬರೆದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೂ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಕಿಟ್ಟೆಲರಿಗಿಂತ 38 ವರ್ಷ ಮೊದಲು.

ಇಲ್ಲೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಇವರು ಬಂದದ್ದು ಮತಪ್ರಚಾರಕ್ಕೆ. ನಮ್ಮ ಪುರಾಣಗಳನ್ನು ಅಚ್ಚು ಹಾಕಿದ್ದು, ಮೊದಮೊದಲಿಗಾದರೂ, ನಮ್ಮನ್ನು ಅರಿತು ಬದಲಿಸುವ ಸಲುವಾಗಿ. ಸ್ಮರಣ ಸಂಚಿಕೆಗಳಲ್ಲಿ ಇದನ್ನು ನುಂಗಿಕೊಂಡು ಅವರನ್ನು ಸಂತರನ್ನಾಗಿಸುವವರೂ ಇದ್ದಾರೆ, ಇದೊಂದನ್ನೇ ಹಿಡಿದು ಅವರ ದುಡಿಮೆಯನ್ನು ತಳ್ಳಿಹಾಕುವವರೂ ಇದ್ದಾರೆ. ಪುರಂದರದಾಸರ ಪದಗಳನ್ನು 1850ರಲ್ಲಿ ಮುದ್ರಿಸಿದ ಕೈ ಯಾವ ಉದ್ದೇಶದಿಂದ ಮುದ್ರಿಸಿತು ಎಂಬುದು ಒಂದು ಪ್ರಶ್ನೆ. ಅಕ್ಷರ ಅಕ್ಷರವನ್ನು ಎಷ್ಟು ಶ್ರದ್ಧೆಯಿಂದ ಜೋಡಿಸಿತು ಎಂಬುದು ಬೇರೆಯ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಆ ಪುಸ್ತಕಗಳಲ್ಲಿಯೇ ಇದೆ.

ಎಸ್ಲಿಂಗೆನ್ ದಾಟಿದರೆ ಸ್ಟುಟ್‌ಗಾರ್ಟಿನ ಉಪನಗರಗಳು. ಉಂಟರ್‌ಟ್ಯುರ್ಕ್‌ಹೈಮ್‌ನಲ್ಲಿ ದಂಡೆಯುದ್ದಕ್ಕೂ ಮರ್ಸಿಡಿಸ್ ಕಾರ್ಖಾನೆ. ನಮ್ಮವರು ಎಷ್ಟೋ ಜನ ಬೆಳಗಿನ ಪಾಳಿಗೆ ಇಲ್ಲಿಗೇ ಹೋಗುವವರು. ಮುಂದಿನ ಕಾನ್‌ಸ್ಟಾಟ್‌ನಲ್ಲಿ 1886ರ ಬೇಸಗೆಯಲ್ಲಿ ಗಾಟ್‌ಲೀಬ್ ಡೈಮ್ಲರ್ ತನ್ನ ಪೆಟ್ರೋಲ್ ಎಂಜಿನನ್ನು ಒಂದು ದೋಣಿಗೆ ಕೂಡಿಸಿ ಇದೇ ನೀರಿನಲ್ಲಿ ಓಡಿಸಿ ನೋಡಿದ. ಪೆಟ್ರೋಲೆಂದರೆ ಸಿಡಿಯುತ್ತದೆಂದು ಜನ ಹೆದರುತ್ತಿದ್ದ ಕಾಲ. ಆದ್ದರಿಂದ ಆತ ದೋಣಿಯ ಸುತ್ತ ತಂತಿಗಳನ್ನೂ ಪಿಂಗಾಣಿಯ ಗುಬಟುಗಳನ್ನೂ ಸಿಕ್ಕಿಸಿ, ಇದು ವಿದ್ಯುತ್ತಿನಿಂದ ಓಡುವುದೆಂಬ ಭಾವನೆ ಬರುವಂತೆ ಮಾಡಿದನೆಂದು ಕಥೆಯಿದೆ. ಅದೇ ವರ್ಷ ಸ್ಟುಟ್‌ಗಾರ್ಟಿನಲ್ಲಿ ರಾಬರ್ಟ್ ಬಾಷ್ ತನ್ನ ಕಾರ್ಯಾಗಾರವನ್ನು ತೆರೆದ. ಅದರ ಕೊಂಬೆಯೇ 1951ರಲ್ಲಿ ಬೆಂಗಳೂರಿಗೆ ಬಂದು, ಆಡುಗೋಡಿಯ ‘ಮೈಕೋ’ ಎನಿಸಿ, ಎರಡು ತಲೆಮಾರಿನ ಕನ್ನಡಿಗರಿಗೆ ಅನ್ನ ಕೊಟ್ಟಿತು. ಇಂದು ಇಲ್ಲಿರುವ ಬೆಂಗಳೂರಿಗರಲ್ಲಿ ಆ ಮೈಕೋ ನೌಕರರ ಮಕ್ಕಳೂ ಇದ್ದಾರೆ.

ಕಾನ್‌ಸ್ಟಾಟ್‌ನಿಂದ ಮಾರ್‌ಬಾಖ್ ಕಡೆಗೆ ಹೋಗುವ ದೋಣಿಯಲ್ಲಿ ನಡೆದ ಒಂದು ಮಾತುಕತೆ. ನಮ್ಮ ಜೊತೆಯ ಕುಟುಂಬದ ಹತ್ತು ವರ್ಷದ ಹುಡುಗಿ ಎಸ್ಲಿಂಗೆನ್ನಿನಲ್ಲಿಯೇ ಹುಟ್ಟಿದವಳು. ಅವಳ ಜರ್ಮನ್ ಆಯಾ ಊರಿನ ಶ್ವಾಬಿಯನ್ ಧಾಟಿಯದು. ಕನ್ನಡ ಶನಿವಾರದ ತರಗತಿಯದು. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರು ನಿನ್ನ ಊರಿನಲ್ಲಿ ಬಾಳಿದವರು ಎಂದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, “ಅಂಕಲ್, ಅವರಿಗೆ ‘ಳ’ ಹೇಳೋಕೆ ಬರ್ತಿತ್ತಾ?” ಎಂದು ಕೇಳಿದಳು. “ಇಪ್ಪತ್ತೈದು ವರ್ಷ ಆದ ಮೇಲೆ ಕಲಿತದ್ದಮ್ಮ, ಮೊದಮೊದಲು ಬರದೇ ಇದ್ದಿರಬಹುದು” ಎಂದೆ. “ಹಾಗಾದ್ರೆ ನಂಗಿನ್ನೂ ಹದಿನೈದು ವರ್ಷ ಟೈಮ್ ಇದೆ” ಎಂದು ತಾಯಿಯ ಕಡೆ ನೋಡಿ ನಕ್ಕಳು. ತಾಯಿ ನಗಲಿಲ್ಲ. ಮನೆಯಲ್ಲಿ ಆ ‘ಳ’ಕಾರಕ್ಕಾಗಿ ನಡೆಯುವ ಯುದ್ಧ ಅವರಿಗೆ ಗೊತ್ತು. ಈ ಮಕ್ಕಳಿಗೆ ಕನ್ನಡವೆಂದರೆ ಅಜ್ಜಿಯ ಫೋನು, ಅಪ್ಪ ಅಮ್ಮನ ಒತ್ತಾಯ, ತಮ್ಮ ಊರಿಗೆ ಸಂಬಂಧವಿಲ್ಲದ ಹೊರಗಿನ ವಸ್ತು. ತಮ್ಮ ಊರಿನವನೊಬ್ಬ ಅದಕ್ಕಾಗಿ ಕಡಲು ದಾಟಿ ಹೋದನೆಂದು ತಿಳಿದಾಗ, ಕನ್ನಡ ಒಂದು ಕ್ಷಣವಾದರೂ ಎಸ್ಲಿಂಗೆನ್ನಿನ ಸಮಾಚಾರವಾಗುತ್ತದೆ. ನಮ್ಮ ತರಗತಿಗಳಲ್ಲಿ ಈ ದೋಣಿಯಾತ್ರೆಯನ್ನೂ ಪಾಠದ ಭಾಗವಾಗಿಸಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಮಾರ್‌ಬಾಖ್ ಕವಿ ಶಿಲ್ಲರನ ಜನ್ಮಸ್ಥಳ; ಜರ್ಮನ್ ಸಾಹಿತ್ಯದ ದೊಡ್ಡ ಹಸ್ತಪ್ರತಿ ಭಂಡಾರವೂ ಇಲ್ಲಿದೆ. ಸ್ವಲ್ಪ ಕೆಳಗೆ ಬೆಸಿಗ್‌ಹೈಮ್‌ನಲ್ಲಿ ಎನ್ಸ್ ನದಿ ಬಂದು ಸೇರುತ್ತದೆ. ಆ ಎನ್ಸ್ ನದಿಗೆ ಪ್ಫೋರ್ಟ್ಸ್‌ಹೈಮ್‌ನಲ್ಲಿ ಸೇರುವುದು ನಾಗೋಲ್ಡ್. ನಾಗೋಲ್ಡಿನ ದಂಡೆಯಲ್ಲಿ ಕಾಲ್ವ್ ಎಂಬ ಪುಟ್ಟ ಊರು. ಮಲಯಾಳ ಭಾಷೆಗೆ 1872ರಲ್ಲಿ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್, ಮೊಗ್ಲಿಂಗರ ಗೆಳೆಯ, 1893ರಲ್ಲಿ ತೀರಿಕೊಂಡದ್ದು ಅಲ್ಲಿ. ತಲಶ್ಶೇರಿಯಲ್ಲಿ ಹುಟ್ಟಿದ ಅವರ ಮಗಳು ಮಾರಿಯ ಮಗನೇ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ. ಕನ್ನಡದ ಹಾಗೂ ಮಲಯಾಳದ ಕೋಶಗಳನ್ನು ಕಟ್ಟಿದವರು ಕೊನೆಗಾಲದಲ್ಲಿ ಒಂದೇ ಜಲಾನಯನದ ನೀರು ಕುಡಿದರೆಂಬುದನ್ನು ಕಾಸರಗೋಡಿನ ಮಿತ್ರರು ವಿಶೇಷವಾಗಿ ಗಮನಿಸಬೇಕು!

ಈಗ ಲೌಫೆನ್. ನನ್ನ ಮಟ್ಟಿಗೆ ಇಡೀ ಪ್ರಯಾಣದಲ್ಲಿ ಇದೇ ಮುಖ್ಯವಾದ ನಿಲ್ದಾಣ. ಆದರೆ ಪ್ರವಾಸದ ಪುಸ್ತಕಗಳು ಇದಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ನದಿ ದೊಡ್ಡ ಬಳಸು ಹಾಕುವಲ್ಲಿ, ಬಂಡೆಯ ಮೇಲೆ ಹಳೆಯ ಚರ್ಚು. ನಡುಗಡ್ಡೆಯ ಮೇಲೆ ಪುರಾತನ ಕೋಟೆಮನೆ, ಅದೇ ಈಗ ಪುರಭವನ. 1770ರಲ್ಲಿ ಹ್ಯೋಲ್ಡರ್ಲಿನ್ ಹುಟ್ಟಿದ್ದು ಇಲ್ಲಿ. ಪಶ್ಚಿಮದಿಂದ ತ್ಸಾಬರ್ ಎಂಬ ಸಣ್ಣ ತೊರೆ ಬಂದು ಇಲ್ಲಿಯೇ ನೆಕ್ಕರನ್ನು ಸೇರುತ್ತದೆ. ಆ ತೊರೆಯ ಗುಂಟ ಕೆಲವೇ ಕಿಲೋಮೀಟರ್ ಮೇಲಕ್ಕೆ ಹೋದರೆ ದ್ರಾಕ್ಷಿತೋಟಗಳ ನಡುವೆ ಬ್ರಾಕೆನ್‌ಹೈಮ್. ಮೊಗ್ಲಿಂಗ್ 1811ರ ಮೇ 29ರಂದು ಹುಟ್ಟಿದ ಊರು. ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷರಾದ ಥಿಯೊಡೋರ್ ಹಾಯ್ಸ್ ಹುಟ್ಟಿದ್ದೂ ಅಲ್ಲಿಯೇ, 1884ರಲ್ಲಿ. ಊರಿನವರಿಗೆ ಹಾಯ್ಸ್ ದೊಡ್ಡವರು; ಅದು ಸಹಜವೇ. ಪ್ರತಿವರ್ಷ ಜುಲೈ 1ರಂದು ಪತ್ರಿಕಾ ದಿನವನ್ನು ಆಚರಿಸುವ ನಮಗೆ ಮೊಗ್ಲಿಂಗ್ ದೊಡ್ಡವರಾಗಬೇಕು.

ಲೌಫೆನ್‌ಗೆ ಇನ್ನೊಂದು ಹಿರಿಮೆಯುಂಟು. 1891ರ ಆಗಸ್ಟಿನಲ್ಲಿ, ಇಲ್ಲಿಯ ಸಿಮೆಂಟು ಕಾರ್ಖಾನೆಯ ಜಲವಿದ್ಯುತ್ತನ್ನು ತಂತಿಯ ಮೇಲೆ ಸುಮಾರು 175 ಕಿಲೋಮೀಟರ್ ದೂರದ ಫ್ರಾಂಕ್‌ಫರ್ಟಿನ ವಿದ್ಯುತ್ ಪ್ರದರ್ಶನಕ್ಕೆ ಸಾಗಿಸಿ, ಅಲ್ಲಿ ದೀಪಗಳನ್ನು ಹೊತ್ತಿಸಿದರು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಕಳುಹಿಸಿದರೆ ದಾರಿಯಲ್ಲಿಯೇ ಸೋರಿಹೋಗುತ್ತದೆ ಎಂದು ತಜ್ಞರೇ ಅನುಮಾನಿಸುತ್ತಿದ್ದ ಕಾಲವದು. ಹೊರಟದ್ದರಲ್ಲಿ ಮುಕ್ಕಾಲು ಪಾಲು ಗುರಿ ಮುಟ್ಟಿತು. ಜಲಪಾತ ಒಂದು ಕಡೆ, ಕಾರ್ಖಾನೆ ಇನ್ನೊಂದು ಕಡೆ ಇದ್ದರೂ ಅಡ್ಡಿಯಿಲ್ಲವೆಂದು ಜಗತ್ತು ಕಂಡುಕೊಂಡದ್ದು ಅಂದು. ಹನ್ನೊಂದು ವರ್ಷಗಳ ಬಳಿಕ, 1902ರಲ್ಲಿ, ಶಿವನಸಮುದ್ರದಲ್ಲಿ ಕಾವೇರಿ ತಿರುಗಿಸಿದ ಯಂತ್ರಗಳಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂತು. ಮೈಸೂರು ಸಂಸ್ಥಾನ ಅಂಥ ಸಾಹಸಕ್ಕೆ ಕೈಹಾಕಿದ್ದು, ಈ ಪುಟ್ಟ ಊರಿನಲ್ಲಿ ನಡೆದ ಪರೀಕ್ಷೆಯ ಹನ್ನೊಂದೇ ವರ್ಷಕ್ಕೆ. ನಮ್ಮ ಎಂಜಿನಿಯರ್ ಮಿತ್ರರು ಬೇರೆ ಯಾವುದಕ್ಕೆ ಬಾರದಿದ್ದರೂ ಇದಕ್ಕಾಗಿ ಲೌಫೆನ್‌ನಲ್ಲಿ ಇಳಿಯಬೇಕು.

ಹೈಲ್‌ಬ್ರೋನ್ ದಾಟಿದ ಮೇಲೆ ನದಿ ರಮ್ಯವಾಗುತ್ತದೆ, ಬರೆಯುವವನಿಗೆ ಕೆಲಸ ಕಡಮೆಯಾಗುತ್ತದೆ. ಬಾಡ್ ವಿಂಪ್‌ಫೆನ್‌ನಲ್ಲಿ ಹೋಹೆನ್‌ಸ್ಟೌಫೆನ್ ಚಕ್ರವರ್ತಿಗಳ ಅರಮನೆಯ ಅವಶೇಷ, ದೂರದಿಂದಲೇ ಕಾಣುವ ನೀಲಿ ಗೋಪುರ. ಆಮೇಲೆ ಹಾರ್ನ್‌ಬೆರ್ಗ್ ಕೋಟೆ. ಕಬ್ಬಿಣದ ಕೈಯ ಗ್ಯೋಟ್ಸ್ ಎಂಬ ವೀರ 1562ರಲ್ಲಿ ಮಡಿದದ್ದು ಇಲ್ಲಿ. ಎಬೆರ್‌ಬಾಖ್, ಹಿರ್ಶ್‌ಹಾರ್ನ್, ನೆಕ್ಕರ್‌ಸ್ಟೈನಾಖ್‌ನಲ್ಲಿ ಸಾಲಾಗಿ ನಾಲ್ಕು ಕೋಟೆಗಳು. ಸಮಯವಿಲ್ಲದವರು ಹೈಡೆಲ್‌ಬೆರ್ಗ್‌ನಿಂದ ನೆಕ್ಕರ್‌ಸ್ಟೈನಾಖ್‌ವರೆಗಿನ ದೋಣಿಯನ್ನಾದರೂ ಹತ್ತಬೇಕು. ಅರ್ಧ ದಿನದಲ್ಲಿ ಹೋಗಿಬರಬಹುದು.

ಹೈಡೆಲ್‌ಬೆರ್ಗ್ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಮುರಿದ ಕೆಂಪುಕಲ್ಲಿನ ಅರಮನೆ, 1788ರ ಸೇತುವೆ. 1945ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯವೇ ಆ ಸೇತುವೆಯನ್ನು ಸಿಡಿಸಿತು, ಊರವರು ಎರಡೇ ವರ್ಷಗಳಲ್ಲಿ ಮತ್ತೆ ಕಟ್ಟಿಕೊಂಡರು. 1907ರಲ್ಲಿ ಇಲ್ಲಿ ಜರ್ಮನ್ ಕಲಿತ ಕವಿ ಇಕ್ಬಾಲರ ಹೆಸರನ್ನು ನದಿಯ ಒಂದು ದಂಡೆಗೆ ಇಟ್ಟಿದ್ದಾರೆ. 1962ರಲ್ಲಿ ಸ್ಥಾಪಿತವಾದ ದಕ್ಷಿಣ ಏಷ್ಯಾ ಅಧ್ಯಯನ ಸಂಸ್ಥೆ ಇಲ್ಲಿಯದೇ. ಖಂಡೋಬ, ಮಲ್ಲಣ್ಣ, ಮೈಲಾರ ಎಂದು ಮೂರು ನಾಡುಗಳಲ್ಲಿ ಮೂರು ಹೆಸರಿನ ದೇವರನ್ನು ಕುರಿತು ಜೀವಮಾನವಿಡೀ ಅಧ್ಯಯನ ಮಾಡಿದ ಗುಂಟರ್ ಸೊಂಟ್‌ಹೈಮರ್ ಅಲ್ಲಿ ಪಾಠ ಹೇಳುತ್ತಿದ್ದರು, 1992ರಲ್ಲಿ ಅಗಲಿದರು. ದಂಡೆಗೆ ಹೆಸರಿಡುವ ಪದ್ಧತಿ ಇಲ್ಲಿ ಇರುವುದರಿಂದ, ಟ್ಯೂಬಿಂಗೆನ್ನಿನಲ್ಲಿಯೋ ಎಸ್ಲಿಂಗೆನ್ನಿನಲ್ಲಿಯೋ ಕನ್ನಡ ಸಂಘಗಳು ನಗರಸಭೆಗೆ ಒಂದು ಅರ್ಜಿ ಹಾಕಿ, ಕನ್ನಡ ಅಕ್ಷರಗಳಲ್ಲಿ ಒಂದು ಫಲಕ ಬೇಕೆಂದು ಕೇಳಬಾರದೇಕೆ? ಸಮ್ಮೇಳನಗಳಲ್ಲಿ ನಿರ್ಣಯಗಳ ಸಂಖ್ಯೆಗೇನೂ ಕೊರತೆಯಿಲ್ಲ. ಇಂಥದ್ದೊಂದು ಸಣ್ಣ ನಿರ್ಣಯ ಅವುಗಳ ನಡುವೆ ಸೇರಿದರೆ ಸಂತೋಷ.

ಮನ್‌ಹೈಮ್‌ನಲ್ಲಿ ನೆಕ್ಕರ್ ತನ್ನ ಹೆಸರನ್ನು ಕಳೆದುಕೊಳ್ಳುವ ಜಾಗ ಕ್ರೇನುಗಳ, ಗೋದಾಮುಗಳ ನಡುವಿನ ಒಂದು ಮೂಲೆ. ಕೂಡಲಿಯ ಹಾಗೆ ಅಲ್ಲಿ ಗುಡಿಯಿಲ್ಲ, ಮೆಟ್ಟಿಲಿಲ್ಲ. ಎರಡು ಬಣ್ಣದ ನೀರು ಸ್ವಲ್ಪ ದೂರ ಅಕ್ಕಪಕ್ಕದಲ್ಲಿ ಹರಿದು ಒಂದಾಗುತ್ತದೆ. ಇಲ್ಲಿಂದ ರೈನಿನ ಮೇಲೆ ಪ್ರವಾಹಕ್ಕೆದುರಾಗಿ ಸುಮಾರು 260 ಕಿಲೋಮೀಟರ್ ಹೋದರೆ ಸ್ವಿಟ್ಜರ್‌ಲೆಂಡಿನ ಬಾಸೆಲ್. 1815ರಲ್ಲಿ ಮಿಷನ್ ಸ್ಥಾಪನೆಯಾದದ್ದು ಅಲ್ಲಿ. 1834ರಲ್ಲಿ ಮಂಗಳೂರಿಗೆ ಮೊದಲ ಮೂವರನ್ನು ಕಳುಹಿಸಿದ್ದೂ ಅಲ್ಲಿಂದಲೇ. ಅವರು ಬರೆದ ಪತ್ರಗಳು, ತೆಗೆದ ಛಾಯಾಚಿತ್ರಗಳು, ಮಂಗಳೂರು, ಧಾರವಾಡ, ಹುಬ್ಬಳ್ಳಿ, ಗದಗ ಬೆಟಗೇರಿಗಳ ಹಳೆಯ ನೋಟಗಳು ಅಲ್ಲಿಯ ದಾಖಲೆಗಳ ಭಂಡಾರದಲ್ಲಿ ಜೋಪಾನವಾಗಿವೆ. ಹೋಗುವವರು ಮುಂಚಿತವಾಗಿ ಪತ್ರ ಬರೆದು ಸಮಯ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಆ ಭಂಡಾರದ ವಿಚಾರವನ್ನು ಎರಡು ವರ್ಷಗಳ ನಂತರದ ಸಂಪುಟಕ್ಕೆ ಕಾದಿರಿಸಿದ್ದೇನೆ.